ದಿವಾನನ ಏಕಾದಶಿ

ಔಷಧಿ ಕುಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಇದನ್ನು ಜಂಬ ಎಂದು ನೀವು ಕರೆದರೆ ನನ್ನ ತಕರಾರಿಲ್ಲ, ಜಂಬವೇ ಅದು. ಹಾಡು ಬರುವವರಿಗೆ ಹಾಡಿನ ಜಂಬ, ಹದವಾಗಿ ಮೈಸೂರುಪಾಕು ಮಾಡುವವರಿಗೆ ಮೈಸೂರುಪಾಕಿನ ಜಂಬ. ನನಗೆ ಹಾಡು ಬಾರದು. ನನ್ನ ಮೈಸೂರುಪಾಕನ್ನು ಒಡೆಯಲು ಕುಟ್ಟಾಣಿ ಬೇಕು. ಆದರೆ ಹರಳೆಣ್ಣೆ ಕುಡಿಸುವ ಕೈ ಅಂತ ಒಂದಿದೆ ನೋಡಿ, ಅದನ್ನು ದೇವರು ನನಗೇ ಕೊಟ್ಟಿದ್ದ.

ನಮ್ಮ ಕಾಲದಲ್ಲಿ ತಿಂಗಳಿಗೊಂದು ಭಾನುವಾರ ಮಕ್ಕಳ ಹೊಟ್ಟೆ ತೊಳೆಯುವ ದಿನ. ಕಾಲು ಚಾಚಿ ನೆಲದ ಮೇಲೆ ಕೂರಬೇಕು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಬಾಯಿ ತೆರೆದ ಆ ಒಂದು ಕ್ಷಣಕ್ಕೆ ಹಿತ್ತಾಳೆ ಒಳ್ಳೆಯ ಮೂತಿಯನ್ನು ಕೆನ್ನೆಯ ಒಳಗೆ ಸರಿಸಿ ಎಣ್ಣೆ ಬಿಟ್ಟುಬಿಡಬೇಕು. ಒಳ್ಳೆ ಎಂದರೆ ಹಾಲು, ಎಣ್ಣೆ ಕುಡಿಸುವ ಸಣ್ಣ ಮೂತಿಯ ಹಿತ್ತಾಳೆ ಪಾತ್ರೆ. ನನಗೆ ತವರಿನಿಂದ ಬಂದ ಆಸ್ತಿ. ಎಣ್ಣೆ ಬಿಟ್ಟ ಕೂಡಲೇ ಮುಖಕ್ಕೆ ಉಫ್ ಎಂದು ಊದಬೇಕು. ಮಗು ಬೆಚ್ಚಿ ನುಂಗುತ್ತದೆ. ಈ ಊದುವುದರಲ್ಲೇ ಎಲ್ಲಾ ಇರುವುದು. "ಕಮಲಮ್ಮ, ಸ್ವಲ್ಪ ಬಂದು ಹೋಗ್ತೀರಾ? ನಮ್ಮನೇದು ಹಲ್ಲು ಕಚ್ಕೊಂಡು ಕೂತಿದೆ" ಎಂದು ಬೀದಿಯ ತಾಯಂದಿರು ಬೇಲಿಯಾಚೆಯಿಂದ ಕರೆಯುವರು. ನಾನು ಒಳ್ಳೆ ಹಿಡಿದು ಹೊರಟರೆ ದಾರಿಯಲ್ಲಿ ಗೋಲಿ ಆಡುತ್ತಿದ್ದ ಮಕ್ಕಳು ಸಂಬಂಧವಿಲ್ಲದಿದ್ದರೂ ಓಡುತ್ತಿದ್ದವು.

ಬೀದಿ ಎಂದೆನಲ್ಲ, ಅದು ಹೆಸರಿಗೆ ಬೀದಿ. ಜಯನಗರ ಆಗಿನ್ನೂ ಏಳುತ್ತಿತ್ತು. ಕಲ್ಲು ನೆಟ್ಟ ಖಾಲಿ ಸೈಟುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಆಮೇಲೆ ಬೈರಸಂದ್ರದ ಕಡೆಗೆ ಇಳಿಯುವ ರಾಗಿ ಹೊಲ. ನಾವು ಅಲ್ಲಿ ಮನೆ ಕಟ್ಟಿಸುತ್ತೇವೆಂದಾಗ ಬಸವನಗುಡಿಯ ನೆಂಟರು, "ಅಲ್ಲಿ ನರಿ ಕೂಗುತ್ತಂತಲ್ಲ?" ಎಂದು ಕನಿಕರದಿಂದ ಕೇಳಿದ್ದರು. ನರಿ ಕೂಗುತ್ತಿದ್ದದ್ದು ನಿಜ. ಅದಕ್ಕೇ ನಮ್ಮವರು ಒಂದು ದಿನ ಕಚೇರಿಯಿಂದ ಬರುವಾಗ ಕೋಟಿನೊಳಗೆ ಒಂದು ನಾಯಿಮರಿ ಇಟ್ಟುಕೊಂಡು ಬಂದರು. ಕಂದು ಬಣ್ಣ, ಎದೆಯ ಮೇಲೆ ಬಿಳಿ ಪಟ್ಟಿ. ಬಂದ ಗಳಿಗೆಯಲ್ಲೇ ಅದು ಜಗಲಿಯ ಮೇಲೆ ಮುಂಗಾಲು ಅಡ್ಡ ಹಾಕಿ ಕೂತು, ಅರ್ಜಿ ತಂದವರನ್ನು ನೋಡುವಂತೆ ನಮ್ಮನ್ನು ನೋಡಿತು. "ದಿವಾನರ ಕಾಲ ಮುಗೀತು ಅಂತಾರೆ. ನಮ್ಮನೇಲಿ ಒಬ್ಬರಿರಲಿ" ಎಂದರು ನಮ್ಮವರು. ಹೀಗೆ ದಿವಾನ ನೇಮಕವಾದ.

ನಮ್ಮತ್ತೆ ಈ ನೇಮಕಕ್ಕೆ ಒಪ್ಪಿರಲಿಲ್ಲ. ಅವರದು ಮಡಿ ಹೆಂಗಸಿನ ಕಟ್ಟುನಿಟ್ಟು. ನಾಯಿ ಹಿತ್ತಲಲ್ಲಿ ಸುಳಿದರೆ ಒಣಹಾಕಿದ ಸೀರೆಯನ್ನು ಮತ್ತೆ ನೆನೆಸುತ್ತಿದ್ದರು. ಆದರೆ ಆರು ವರ್ಷದ ನಮ್ಮ ಸರಸು ಆ ನಾಯಿಯ ಕುತ್ತಿಗೆ ಬಿಟ್ಟರೆ ತಾನೆ? ಒಂದು ಸಲ ಅವಳಿಗೆ ಹೊಟ್ಟೆನೋವು ಬಂತು. ಮುಖ ಬಿಳಚಿತು, ನಿದ್ದೆಯಲ್ಲಿ ಹಲ್ಲು ಕಡಿಯತೊಡಗಿದಳು. ನಮ್ಮ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಮನೇಲಿ ನಾಯಿ ಇದೆಯೇ?" ನಾಯಿಯ ಹೊಟ್ಟೆಯಲ್ಲಿ ಹುಳುವಿದ್ದರೆ ಅದು ಮಗುವಿನ ಹೊಟ್ಟೆಗೂ ದಾರಿ ಕಂಡುಕೊಳ್ಳುತ್ತದೆಯಂತೆ. ಸರಸುವಿಗೆ ಔಷಧಿ ಕೊಟ್ಟರು, ಊಟಕ್ಕೆ ಮುಂಚೆ ಕೈ ತೊಳೆಸಿ ಎಂದರು, ನಾಯಿಗೂ ತಪ್ಪದೆ ಔಷಧಿ ಹಾಕಿಸಿ ಎಂದರು. ಹೊರಡುವಾಗ ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಕಡಿಮೆ ಎಂದು ನನಗೂ ದಿನಕ್ಕೊಂದು ಕೆಂಪು ಮಾತ್ರೆ ಬರೆದುಕೊಟ್ಟರು. ಅದರ ವಿಚಾರ ಈಗ ಬೇಡ.

ಮನೆಗೆ ಬಂದು ಅತ್ತೆ ಒಂದೇ ಮಾತು ಹೇಳಿದರು: "ನೋಡು ಕಮಲು, ತಿಂಗಳು ತಿಂಗಳೂ ಅದಕ್ಕೆ ಔಷಧಿ ಬಿದ್ರೆ ಅದು ಇಲ್ಲಿರುತ್ತೆ. ಒಂದು ಸಲ ತಪ್ಪಿದ್ರೂ ಹೊಸಕೆರೆಹಳ್ಳಿಗೆ." ಹೊಸಕೆರೆಹಳ್ಳಿಯಲ್ಲಿ ನಮ್ಮವರ ಸ್ನೇಹಿತರೊಬ್ಬರ ತೋಟವಿತ್ತು. ಸರಸು ಆ ಊರಿನ ಹೆಸರು ಕೇಳಿದ್ದೇ ದಿವಾನನನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ನಾನು ನಕ್ಕೆ. ಇಡೀ ಬೀದಿಗೆ ಹರಳೆಣ್ಣೆ ಕುಡಿಸಿದವಳಿಗೆ ಒಂದು ನಾಯಿಮರಿ ಯಾವ ಲೆಕ್ಕ!

ದನದ ಆಸ್ಪತ್ರೆಯ ಡಾಕ್ಟರು ಬಿಳಿ ಮಾತ್ರೆಗಳ ಪೊಟ್ಟಣ ಕೊಟ್ಟು, "ತಿಂಗಳಿಗೊಂದು ಸಲ, ಖಾಲಿ ಹೊಟ್ಟೆಗೆ" ಎಂದಿದ್ದರು. ಈ ಖಾಲಿ ಹೊಟ್ಟೆಯಲ್ಲೇ ನಾವು ಮುಗ್ಗರಿಸಿದೆವು. ನಮ್ಮ ಮನೆಯಲ್ಲಿ ದಿವಾನನ ಹೊಟ್ಟೆ ಖಾಲಿ ಇರುವುದು ಯಾವಾಗ? ಬೆಳಗಾಗುತ್ತಲೇ ಸರಸು ಲೋಟದ ಅರ್ಧ ಹಾಲು ಸುರಿಯುತ್ತಾಳೆ, ನಮ್ಮವರು ದೋಸೆಯ ಅಂಚು ಎಸೆಯುತ್ತಾರೆ, ಮಧ್ಯಾಹ್ನ ನಾನು ಮೊಸರನ್ನ ಹಾಕುತ್ತೇನೆ. ಮನೆಯ ಹಿರಿಯರೆಲ್ಲ ಕೂತು ಆಲೋಚಿಸಿದೆವು. ಅತ್ತೆ ಪಂಚಾಂಗ ತೆಗೆದರು. "ಏಕಾದಶಿ ದಿನ ಕೊಡು. ಆವತ್ತು ಯಾರೂ ಉಣ್ಣಲ್ಲ, ಅದಕ್ಕೂ ಹಾಕೋದು ಬೇಡ. ಶುಕ್ಲ ಪಕ್ಷದ ಏಕಾದಶಿ, ತಿಂಗಳಿಗೆ ಸರಿಯಾಗಿ ಒಂದು." ಇಷ್ಟು ಸೊಗಸಾದ ಪರಿಹಾರ ಯಾವ ಡಾಕ್ಟರಿಗೂ ಹೊಳೆಯುತ್ತಿರಲಿಲ್ಲ ಎಂದು ನಾವೆಲ್ಲ ತಲೆದೂಗಿದೆವು.

ನಮ್ಮ ಮನೆಯ ಏಕಾದಶಿಯ ಬಗ್ಗೆ ಎರಡು ಮಾತು. ಅತ್ತೆಯದು ನಿಜವಾದ ಉಪವಾಸ. ಮಧ್ಯಾಹ್ನ ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ. ಕಾಫಿ ಏಕಾದಶಿಗೆ ಬರುತ್ತದೆಯೇ ಎಂಬ ಧರ್ಮಸೂಕ್ಷ್ಮವನ್ನು ಅವರು ಬಹಳ ಹಿಂದೆಯೇ ಬಗೆಹರಿಸಿದ್ದರು. ಶಾಸ್ತ್ರ ಬರೆದ ಕಾಲಕ್ಕೆ ಕಾಫಿ ಇರಲಿಲ್ಲ, ಇಲ್ಲದ್ದನ್ನು ಯಾರು ನಿಷೇಧಿಸುತ್ತಾರೆ? ನಮ್ಮವರಿಗೆ ಮೊಸರವಲಕ್ಕಿ, ಸರಸುವಿಗೆ ಹೊಟ್ಟೆ ತುಂಬ ಮೊಸರವಲಕ್ಕಿ. ಒಲೆ ಹಚ್ಚುವುದು ಕಾಫಿಗೆ ಮಾತ್ರ, ಒಗ್ಗರಣೆಯ ಸದ್ದಿಲ್ಲ. ಮಾರನೆಯ ದಿನ ದ್ವಾದಶಿ. ಬೆಳಕು ಹರಿಯುವ ಹೊತ್ತಿಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿಯೊಂದಿಗೆ ಪಾರಣೆಯ ಊಟ. ದಿನವಿಡೀ ಹಸಿದವರಿಗಿಂತ ಮೊಸರವಲಕ್ಕಿ ತಿಂದವರೇ ಆ ಊಟಕ್ಕೆ ಮೊದಲು ಮಣೆ ಹಾಕಿಕೊಳ್ಳುತ್ತಿದ್ದದ್ದು.

ಮೊದಲ ಏಕಾದಶಿ ಗೆದ್ದೆ. ದಿವಾನನಿಗೆ ಅನುಭವ ಸಾಲದು. ಮಾತ್ರೆಯನ್ನು ಅರೆದು, ನೀರಿನಲ್ಲಿ ಕಲಸಿ, ಒಳ್ಳೆಯಲ್ಲಿ ಹಾಕಿ, ಕಾಲ ಮೇಲೆ ಮಲಗಿಸಿಕೊಂಡು ಕೆನ್ನೆಯೊಳಗೆ ಬಿಟ್ಟೆ, ಮುಖಕ್ಕೆ ಉಫ್ ಎಂದೆ. ನುಂಗಿದ. ಎದ್ದು ಹೋಗಿ ನನ್ನನ್ನು ಬಹಳ ಹೊತ್ತು ದೂರದಿಂದ ನೋಡಿದ. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ.

ಎರಡನೆಯ ತಿಂಗಳಿಗೆ ಅವನು ನನ್ನ ಕಾಲ ಮೇಲೆ ಮಲಗುವಷ್ಟು ಚಿಕ್ಕವನಾಗಿ ಉಳಿದಿರಲಿಲ್ಲ. ಅರೆದ ಮಾತ್ರೆಯ ವಾಸನೆಗೇ ಮೂತಿ ತಿರುಗಿಸಿದ. ಬಾಳೆಹಣ್ಣಿನೊಳಗೆ ಇಡೀ ಮಾತ್ರೆ ಇಟ್ಟು ಕೊಟ್ಟೆ. ಹಣ್ಣನ್ನು ನಿಧಾನವಾಗಿ ತಿಂದು, ಮಾತ್ರೆಯನ್ನು ತೊಳೆದಿಟ್ಟಷ್ಟು ಶುಭ್ರವಾಗಿ ನೆಲದ ಮೇಲಿಟ್ಟ. ಬೆಲ್ಲದಲ್ಲಿ ಇಟ್ಟೆ. ಬೆಲ್ಲ ಕರಗಿತು, ಮಾತ್ರೆ ಉಳಿಯಿತು. ಕೊನೆಗೆ ದವಡೆ ಬಿಡಿಸಿ ಗಂಟಲಿಗೆ ತಳ್ಳಿ, ಕುತ್ತಿಗೆ ಸವರಿ, ಮುಖಕ್ಕೆ ಊದಿದೆ. ಅವನೂ ನುಂಗಿದವನ ಮುಖ ಮಾಡಿದ. ಗೆದ್ದೆ ಎಂದುಕೊಂಡು ಎದ್ದೆ. ಸಂಜೆ ಹೊಸಲು ಗುಡಿಸುವಾಗ ಬಾಗಿಲ ಸಂದಿಯಲ್ಲಿ ಆ ಮಾತ್ರೆ ಸಿಕ್ಕಿತು. ಮರುದಿನ ಪಾರಣೆಯ ಹೊತ್ತಿಗೆ ಅತ್ತೆ, "ಔಷಧಿ ಆಯ್ತೇನೇ?" ಎಂದು ಕೇಳಿದರು.

"ಆಯ್ತು ಅತ್ತೆ" ಎಂದೆ.

ಯಾಕೆ ಹಾಗೆಂದೆ? ದಿವಾನ ಹೊಸಕೆರೆಹಳ್ಳಿಗೆ ಹೋಗಿಬಿಡುತ್ತಾನೆ, ಸರಸು ಅಳುತ್ತಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಏನೆಂದರೆ, ನನ್ನ ಕೈ ಸೋತಿತು ಎಂದು ಹೇಳಲು ನಾಲಗೆ ಏಳಲಿಲ್ಲ.

ಮೂರನೆಯ ತಿಂಗಳಿನಿಂದ ಆ ಕಷ್ಟವೂ ಉಳಿಯಲಿಲ್ಲ. ಏಕಾದಶಿಯ ಬೆಳಗ್ಗೆ ಎದ್ದು ನೋಡಿದರೆ ದಿವಾನನೇ ಇಲ್ಲ! ಅತ್ತೆ ಏಕಾದಶಿಗೆ ಮಾತ್ರ ಕತ್ತಲಲ್ಲೇ ತಣ್ಣೀರು ಸ್ನಾನ ಮಾಡಿ ಸ್ತೋತ್ರ ಶುರು ಮಾಡುತ್ತಿದ್ದರಲ್ಲ, ಅದು ಕಿವಿಗೆ ಬಿದ್ದ ಕೂಡಲೇ ಬೇಲಿ ನುಸುಳಿ ಸೈಟುಗಳ ಪೊದೆಯಲ್ಲಿ ಮಾಯ. ಬರುವುದು ದ್ವಾದಶಿಯ ಬೆಳಗ್ಗೆ, ಅಗಸೆ ಸೊಪ್ಪಿನ ಒಗ್ಗರಣೆ ಚಟಪಟ ಎನ್ನುವಾಗ. ಶುಕ್ಲ ಯಾವುದು ಕೃಷ್ಣ ಯಾವುದು ಎಂಬ ಭೇದ ಅವನಿಗೆ ತಿಳಿಯದ್ದರಿಂದ ತಿಂಗಳಿಗೆ ಎರಡು ಸಲ ಓಡುತ್ತಿದ್ದ. ಒಂದು ದಿನವೂ ತಪ್ಪಲಿಲ್ಲ.

ಇದನ್ನು ಅತ್ತೆ ಗಮನಿಸಿದರು. ಗಮನಿಸಿ ಬೆರಗಾದರು. ಏಕಾದಶಿಯ ದಿನ ಮನೆಯಲ್ಲಿ ನಿಲ್ಲುವುದಿಲ್ಲ, ತಟ್ಟೆ ಮುಟ್ಟುವುದಿಲ್ಲ, ಎಲ್ಲೋ ಏಕಾಂತದಲ್ಲಿದ್ದು ಪಾರಣೆಗೆ ಸರಿಯಾಗಿ ಬರುತ್ತದೆ. "ಪೂರ್ವಜನ್ಮದ ಸಂಸ್ಕಾರ ಕಣೇ ಇದು. ಯಾವುದೋ ದೊಡ್ಡ ಜೀವ" ಎಂದರು. ಪೂಜೆಗೆ ಬಂದ ಹೆಂಗಸರಿಗೆಲ್ಲ ಹೇಳಿದರು. ಹಿಂದಿನ ರಸ್ತೆಯವರು ಏಕಾದಶಿ ಇವತ್ತೋ ನಾಳೆಯೋ ಎಂಬ ಅನುಮಾನ ಬಂದರೆ ನಮ್ಮ ಜಗಲಿಯತ್ತ ನೋಡಿ ತೀರ್ಮಾನಿಸುವಷ್ಟಾಯಿತು. ಹಿತ್ತಲಿಗೆ ಬಂದ ದಿವಾನನನ್ನು ಹಚಾ ಎನ್ನುತ್ತಿದ್ದ ಅತ್ತೆ, "ಬಾಪ್ಪ, ಆ ಕಡೆ ಕೂತ್ಕೋ" ಎನ್ನತೊಡಗಿದರು. ಪಾರಣೆಯ ಎಲೆಯಲ್ಲಿ ಅವನಿಗೆ ಒಂದು ತುತ್ತು ತೆಗೆದಿಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ, "ಅದು ಹೋಗೋಕೆ ಮುಂಚೆ ಔಷಧಿ ಹಾಕಿದೆಯಲ್ಲ?" ಎಂದು ಕೇಳುವರು. ನಾನು ಹೂಂ ಎನ್ನುವೆ. ನಾನು ಒಂದು ಸುಳ್ಳು ಹೇಳುತ್ತಿದ್ದರೆ ನಾಯಿ ಇನ್ನೊಂದು ಹೇಳುತ್ತಿತ್ತು. ಇಬ್ಬರನ್ನೂ ಪಾಪ ಅವರು ನಂಬಿದ್ದರು.

ಬೇರೆ ದಿನ ಕೊಟ್ಟರೆ ಆಗುತ್ತಿರಲಿಲ್ಲವೇ ಎನ್ನುತ್ತೀರಿ. ಈಗ ಸುಲಭವಾಗಿ ಕೇಳುತ್ತೀರಿ. ಆಗ ನಮ್ಮ ತಲೆಯಲ್ಲಿ ಆ ಔಷಧಿಗೂ ಏಕಾದಶಿಗೂ ಗಂಟು ಬಿದ್ದುಹೋಗಿತ್ತು. ತಿಥಿ ತಪ್ಪಿಸಿ ಕೊಟ್ಟರೆ ಔಷಧಿ ಹಿಡಿಯುವುದಿಲ್ಲ ಎಂದೇ ನಾನೂ ನಂಬಿದ್ದೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಇದ್ದದ್ದು ನಾಲ್ಕು ಕಾಲು, ಆದರೂ ಹೆಚ್ಚು ದೂರ ಓಡಲಿಲ್ಲ. ಸರಸುವಿಗೆ ಮತ್ತೆ ಹೊಟ್ಟೆನೋವು ಬಂತು. ಕೆನ್ನೆ ಇಳಿಯಿತು, ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯಿತು. ಡಾಕ್ಟರು, "ನಾಯಿಗೆ ಔಷಧಿ ಸರಿಯಾಗಿ ಬೀಳ್ತಿದೆಯಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಅದರಲ್ಲಿ ಅನುಮಾನವೇ ಬೇಡಿ. ನಮ್ಮ ಸೊಸೆ ಕೈಯಿಂದ ಯಾರೂ ತಪ್ಪಿಸ್ಕೊಂಡಿಲ್ಲ." ಡಾಕ್ಟರು ತಲೆಯಾಡಿಸಿದರು. "ಹಾಗಾದ್ರೆ ಆ ನಾಯಿಗೆ ಔಷಧಿ ಹಿಡೀತಿಲ್ಲ. ಮಗು ದೃಷ್ಟಿಯಿಂದ ಅದನ್ನ ಎಲ್ಲಾದರೂ ಬಿಡೋದು ಒಳ್ಳೇದು."

ಅತ್ತೆ ಆ ದಿನ ಮನೆಗೆ ಬಂದು ಎಷ್ಟೋ ಹೊತ್ತು ಜಗಲಿಯಲ್ಲಿ ಕೂತಿದ್ದರು. ಕೆಳಗಿನ ಮೆಟ್ಟಿಲಿನಲ್ಲಿ ದಿವಾನ. "ಒಳ್ಳೇ ಜೀವ. ಏನು ಮಾಡೋದು, ಮಗು ದೊಡ್ಡದು" ಎಂದರು. ಅವರ ದನಿ ಸಣ್ಣಗಾಗಿತ್ತು. ಬರುವ ಶನಿವಾರ ಬೆಳಗ್ಗೆ ನಮ್ಮವರು ಅವನನ್ನು ಹೊಸಕೆರೆಹಳ್ಳಿಗೆ ಕರೆದುಕೊಂಡು ಹೋಗುವುದೆಂದಾಯಿತು. ಸರಸು ಅಳಲಿಲ್ಲ, ತನ್ನ ಸ್ಲೇಟಿನ ಮೇಲೆ ನಾಯಿಯ ಚಿತ್ರ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು ಮಾಡುತ್ತಿದ್ದಳು. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಜಂಬಕ್ಕೆ ಮಗಳು ಹೊಟ್ಟೆನೋವು ತಿನ್ನುತ್ತಿದ್ದಾಳೆ, ನಾಯಿ ಮನೆ ಬಿಡುತ್ತಿದೆ. ಇದಕ್ಕಿಂತ ನಾಚಿಕೆಗೇಡು ನಾನು ಅದಕ್ಕೆ ಮುಂಚೆಯೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಶನಿವಾರದೊಳಗೆ ಹೇಳಿಬಿಡಬೇಕೆಂದು ದಿನಕ್ಕೆ ನಾಲ್ಕು ಸಲ ಅಡುಗೆಮನೆಯಿಂದ ದೇವರಮನೆಯ ತನಕ ಹೋಗಿ ಹಿಂದಿರುಗಿದೆ.

ಶನಿವಾರ ಬಂತು. ನಮ್ಮವರು ಸರಪಳಿ ಹಿಡಿದು ಜಗಲಿಗೆ ಬಂದರೆ ದಿವಾನ ಇಲ್ಲ. ಅತ್ತೆ ಒಳಗಿನಿಂದ, "ಇವತ್ತು ಏಕಾದಶಿ ಕಣೋ. ಅದು ಎಲ್ಲಿ ಸಿಗುತ್ತೆ? ನಾಳೆ ಪಾರಣೆ ಮಾಡಿಸಿ ಕಳಿಸೋಣ" ಎಂದರು. ಅಷ್ಟರಲ್ಲಿ ಮುನಿಯಮ್ಮ ಹಸು ಹೊಡೆದುಕೊಂಡು ಬಂದಳು. ಬೈರಸಂದ್ರದ ಮುನಿಯಮ್ಮ ದಿನವೂ ನಮ್ಮ ಬಾಗಿಲಲ್ಲೇ ಹಾಲು ಕರೆದುಕೊಡುವವಳು. ನಮ್ಮ ಮನೆ ನಿಂತಿದ್ದದ್ದು ಅವರ ರಾಗಿ ಹೊಲದ ಮೇಲೆ. "ನೀವು ಅಡುಗೆಮನೆ ಕಟ್ಕಂಡಿರೋ ತಾವು ನಮ್ಮ ಕಣ ಇತ್ತು" ಎಂದು ಆಗಾಗ ನಗುತ್ತಾ ಹೇಳುತ್ತಿದ್ದಳು. ಸರಪಳಿ ನೋಡಿ ಕೇಳಿದಳು:

"ಯಾರಿಗೆ ಬುದ್ಧಿ, ದಿವಾನಪ್ಪಂಗಾ? ಅದು ಆಗ್ಲೇ ನಮ್ಮನೆ ಜಗಲಿ ಮ್ಯಾಲೆ ಕುಂತೈತೆ."

"ನಿಮ್ಮನೇಲಾ?" ಎಂದರು ಅತ್ತೆ, ಹೊರಗೆ ಬಂದು.

"ಹೂಂ ಅಮ್ಮಾವ್ರೇ. ನಿಮ್ಮನೇಲಿ ಏಕಾದ್ಸಿ ಅಂತ ನಮಗೆ ಅದು ಬಂದ್ರೇನೇ ತಿಳಿಯೋದು. ಮುದ್ದೆ ಆಗೋಗಂಟ ಮಿಸುಕಲ್ಲ. ಒಂದು ಸಾಲ್ದು, ಎರಡು ಬೇಕು. ಅವರೆಕಾಳು ಸಾರಾದ್ರೆ ಮೂರು." ಅತ್ತೆಯ ಮುಖ ನೋಡಿ ಅವಳು ಸ್ವಲ್ಪ ಅಳುಕಿದಳು. "ನೀವೇ ಕಳಿಸ್ತೀರ ಅನ್ಕಂಡಿದ್ದೆ. ನಾವು ಉಪಾಸ ಇದ್ರೆ ಮೂಕಪ್ರಾಣಿ ಯಾಕೆ ಹಸ್ಕಂಡಿರಬೇಕು ಅಂತ."

ನಮಗಿಲ್ಲದ ಕರುಣೆಯನ್ನು ನಮ್ಮ ಹೆಸರಿಗೆ ಬರೆದುಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ನನಗೆ ಇನ್ನು ತಡೆಯಲಾಗಲಿಲ್ಲ. "ಅತ್ತೆ, ಅದು ಔಷಧೀನೂ ನುಂಗಿಲ್ಲ. ಮೊದಲ ಸಲ ಬಿಟ್ರೆ ಒಂದೂ ಇಲ್ಲ. ನಾನು ಸುಳ್ಳು ಹೇಳ್ತಿದ್ದೆ" ಎಂದುಬಿಟ್ಟೆ.

ಅತ್ತೆ ನನ್ನನ್ನು ನೋಡಿದರು, ಖಾಲಿ ಜಗಲಿಯನ್ನು ನೋಡಿದರು. "ಉಪವಾಸಾನೂ ಸುಳ್ಳು, ಔಷಧೀನೂ ಸುಳ್ಳು" ಎಂದರು. ಯಾವುದು ಅವರಿಗೆ ಹೆಚ್ಚು ನೋವಾಯಿತೋ ಇಂದಿಗೂ ನನಗೆ ಹೇಳಲು ಬಾರದು. ಬೈಯುತ್ತಾರೆ ಎಂದು ನಿಂತೇ ಇದ್ದೆ. ಬೈಯಲಿಲ್ಲ. "ಮೊದಲು ಮಗೂನ ನೋಡು. ಆಮೇಲೆ ನಿನ್ನ ಅಳು" ಎಂದರು.

ಮುನಿಯಮ್ಮ ಮಾತ್ರ ಕೆಚ್ಚಲು ತೊಳೆಯುತ್ತಾ, "ಎಲ್ಲಿ, ಆ ಮಾತ್ರೆ ಕೊಡಿ ಇತ್ತ" ಎಂದಳು. "ಅನ್ನದಾಗೆ ಇಟ್ರೆ ಅದು ನೆಕ್ಕಿ ನೆಕ್ಕಿ ಮಾತ್ರೆ ಹುಡುಕ್ತದೆ. ಮುದ್ದೆ ಅಗಿಯೋ ನಾಯಿ ಎಲ್ಲಾದ್ರೂ ಕಂಡಿದೀರಾ?"

ಹಾಲಿನ ಪಾತ್ರೆ ಒಳಗಿಟ್ಟು, ಮಾತ್ರೆಯ ಪೊಟ್ಟಣ ತಂದುಕೊಟ್ಟು, ಸರಸುವಿನ ಕೈ ಹಿಡಿದು ಮುನಿಯಮ್ಮನ ಹಿಂದೆ ಹೊರಟೆ. ದಿವಾನ ಅವಳ ಜಗಲಿಯಲ್ಲಿ ಮುಂಗಾಲು ಅಡ್ಡ ಹಾಕಿ, ಸ್ವಂತ ಕಚೇರಿಯಲ್ಲಿ ಕೂತ ಹಾಗೆ ಕೂತಿದ್ದ. ನನ್ನನ್ನು ನೋಡಿ ಎದ್ದ. ಒಳಗಿನಿಂದ ಮುದ್ದೆಯ ಆವಿ ಬಂತು, ಕೂತ. ಮುನಿಯಮ್ಮ ಬಿಸಿ ಮುದ್ದೆಯಿಂದ ನಿಂಬೆಹಣ್ಣಿನಷ್ಟು ಚಿವುಟಿ, ಮಾತ್ರೆ ಒಳಗಿಟ್ಟು ಉರುಟಿ, ಊದಿ ಆರಿಸಿ, ಸಾರಿನಲ್ಲಿ ಅದ್ದಿ ಎಸೆದಳು. ನಾನು ಮೂಗು ಹಿಡಿಯಲಿಲ್ಲ, ಒಳ್ಳೆ ಇರಲಿಲ್ಲ, ಯಾರೂ ಅವನ ಮುಖಕ್ಕೆ ಉಫ್ ಎನ್ನಲಿಲ್ಲ. ಗುಳುಂ ಎಂದಿತು. ದಿವಾನ ಬಾಲ ಆಡಿಸುತ್ತಾ ಮುಂದಿನದಕ್ಕೆ ಬಾಯಿ ತೆರೆದ. ಸರಸು ಚಪ್ಪಾಳೆ ತಟ್ಟಿ ನಕ್ಕಳು. ಎಷ್ಟು ವಾರಗಳ ಮೇಲೆ ಆ ನಗು! ನನ್ನ ಕಣ್ಣು ತುಂಬಿದ್ದು ಮುನಿಯಮ್ಮನ ಒಲೆಯ ಹೊಗೆಯಿಂದ ಎಂದು ಸರಸುವಿಗೆ ಹೇಳಿದೆ.

ಮುದ್ದೆಯ ಶಾಸ್ತ್ರ ನನಗೆ ತಿಳಿದದ್ದು ಆಗಲೇ. ನಮ್ಮದು ಅನ್ನದ ಮನೆ. ರಾಗಿ ಎಂದರೆ ಹುರಿಹಿಟ್ಟು, ಅಷ್ಟರಲ್ಲೇ ಮುಗಿಯಿತು. ಮುದ್ದೆಯನ್ನು ಅಗಿಯುವವನಿಗೆ ಮುದ್ದೆ ತಿನ್ನಲು ಬರುವುದಿಲ್ಲ. ಅದನ್ನು ಜಾರಿಸಬೇಕು, ಹಲ್ಲಿಗೆ ಅಲ್ಲಿ ಉದ್ಯೋಗವಿಲ್ಲ. ಇದು ಹೊಲದ ಜನಕ್ಕೆ ಗೊತ್ತು, ಅವರ ನಾಯಿಗೆ ಗೊತ್ತು, ಎಷ್ಟೋ ಏಕಾದಶಿಗಳ ಅಭ್ಯಾಸದಿಂದ ನಮ್ಮ ದಿವಾನನಿಗೂ ಗೊತ್ತಾಗಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ನಮ್ಮ ರೋಗಿ ಬಯಸಿದ್ದು ಮುದ್ದೆ, ಮುನಿಯಮ್ಮ ಹೇಳಿದ್ದೂ ಮುದ್ದೆ.

ಸೋಮವಾರ ದನದ ಡಾಕ್ಟರಲ್ಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಖಾಲಿ ಹೊಟ್ಟೆ ಅಂದ್ರೆ ಬೆಳಿಗ್ಗೆ ಎದ್ದ ಹೊಟ್ಟೆ ಅಮ್ಮ, ಏಕಾದಶಿ ಹೊಟ್ಟೆ ಅಲ್ಲ. ಮೊದಲ ತುತ್ತಿನಲ್ಲಿ ಹಾಕಿ, ಸಾಕು." ಹೊಸಕೆರೆಹಳ್ಳಿಯ ಪ್ರಯಾಣಕ್ಕೆ ಅತ್ತೆ ಎರಡು ತಿಂಗಳ ತಡೆ ಕೊಟ್ಟರು. ಅಷ್ಟರಲ್ಲಿ ಸರಸುವಿನ ಕೆನ್ನೆ ತುಂಬಿತು, ಸರಪಳಿ ತುಕ್ಕು ಹಿಡಿಯಿತು. ಹಿತ್ತಲಿನ ಇದ್ದಿಲು ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ, ನಾಯಿಗೆ ಮಾತ್ರ ಎಂಬ ಕರಾರಿನ ಮೇಲೆ ನಮ್ಮ ಮನೆಗೂ ಮುದ್ದೆ ಬಂತು. ಮೊದಲ ತಿಂಗಳು ನಾಯಿಗೆ, ಎರಡನೆಯ ತಿಂಗಳು ಸರಸುವಿಗೂ ಒಂದು ಚೂರು, ನಾಲ್ಕನೆಯ ತಿಂಗಳಿಗೆ ನಮ್ಮವರು ಸೊಪ್ಪಿನ ಸಾರಿಗೆ ಇದಕ್ಕಿಂತ ಜೋಡಿ ಇಲ್ಲ ಎಂದು ಉಪನ್ಯಾಸ ಕೊಡುತ್ತಿದ್ದರು. ದಿವಾನ ಪ್ರತಿ ತಿಂಗಳ ಮೊದಲ ದಿನ ಮಾತ್ರೆಯೊಂದಿಗೆ ಮುದ್ದೆ ನುಂಗಿ, ಆಮೇಲೂ ಏಕಾದಶಿ ಬಂದರೆ ಬೈರಸಂದ್ರಕ್ಕೇ ಹೋಗುತ್ತಿದ್ದ. "ಹೋಗಲಿ ಬಿಡು. ಉಪವಾಸ ಅದರ ಹಣೇಲಿ ಬರೆದಿಲ್ಲ" ಎನ್ನುತ್ತಿದ್ದರು ಅತ್ತೆ. ಪಾರಣೆಯ ತುತ್ತನ್ನು ಮಾತ್ರ ನಿಲ್ಲಿಸಲಿಲ್ಲ.

ಇಲ್ಲಿಗೆ ಮುಗಿಸಿದರೆ ನಾನು ಸೋತರೂ ಮಾನವಾಗಿ ಸೋತೆ ಎಂದಾಗುತ್ತಿತ್ತು. ಆದರೆ ನನ್ನ ಕೆಂಪು ಮಾತ್ರೆಯ ವಿಚಾರ ಬಾಕಿ ಇದೆ.

ಊರಿಗೆಲ್ಲ ಔಷಧಿ ಕುಡಿಸಿದ ನಾನು ಹುಟ್ಟಿದಾರಭ್ಯ ಒಂದು ಮಾತ್ರೆಯನ್ನೂ ನುಂಗಿದವಳಲ್ಲ. ನಾಲಗೆಗೆ ತಗುಲಿದರೆ ಗಂಟಲು ಬಾಗಿಲು ಹಾಕಿಕೊಳ್ಳುತ್ತದೆ. ಡಾಕ್ಟರು ಬರೆದ ಮಾತ್ರೆಗಳನ್ನು ದಿನವೂ ಅತ್ತೆಯ ಎದುರಿಗೇ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಪಕ್ಕದ ಕ್ರೋಟನ್ ಕುಂಡಕ್ಕೆ ಉಗಿದು ಬರುತ್ತಿದ್ದೆ. ಆ ಗಿಡ ಆ ವರ್ಷ ಎಂದೂ ಇಲ್ಲದಷ್ಟು ಕೆಂಪಗೆ ಚಿಗುರಿತ್ತು. ನನಗೋ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ.

ಒಂದು ಬೆಳಗ್ಗೆ ತಲೆ ಸುತ್ತಿ ಅಡುಗೆಮನೆಯ ಗೋಡೆ ಹಿಡಿದು ಕೂತೆ. ಅತ್ತೆ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದು ನನ್ನ ಮುಂದೆ ಒಂದು ತಟ್ಟೆ ಇಟ್ಟರು. ತಟ್ಟೆಯ ನಡುವೆ ನಿಂಬೆಹಣ್ಣಿನಷ್ಟು ಮುದ್ದೆ, ಅದರ ನೆತ್ತಿಯ ಕುಳಿಯಲ್ಲಿ ತುಪ್ಪ. ಮಡಿಯಲ್ಲಿದ್ದ ಅತ್ತೆ ಆ ಇದ್ದಿಲು ಒಲೆಯ ಮುಂದೆ ಕೂತು ತಮ್ಮ ಕೈಯಿಂದಲೇ ಅದನ್ನು ಕಟ್ಟಿದ್ದರು.

"ಏನತ್ತೆ ಇದು?"

"ಕ್ರೋಟನ್ ಗಿಡಕ್ಕೆ ರಕ್ತ ಸಾಕಾಗಿದೆ. ಅಗೀಬೇಡ, ನುಂಗು."

ತಲೆ ಎತ್ತಿದೆ. ಹಿತ್ತಲ ಬಾಗಿಲಲ್ಲಿ ದಿವಾನ ಮುಂಗಾಲು ಅಡ್ಡ ಹಾಕಿ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದ. ತುಪ್ಪದಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡೆ. ಅತ್ತೆ ಬಗ್ಗಿ ನನ್ನ ಮುಖಕ್ಕೆ ಉಫ್ ಎಂದು ಊದಿದರು.

ಗುಳುಂ ಎಂದಿತು.